54 ಅಂಕಗಳ ಮುನ್ನಡೆ ಕರಗಿದ್ದು ಹೇಗೆ? ಹುಡುಗರ ತಂಡದ ಸೋಲು ಮತ್ತು ಅಭಿಮಾನಿಗಳ ಸಂಕಟ

2024ರ ಜೂನ್ 16ರಂದು ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್ ಮೈದಾನದಲ್ಲಿ, ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್‌ನ ದೊಡ್ಡ ಲೀಗ್ ಆದ ಎಎಫ್‌ಎಲ್‌ನ ಪಂದ್ಯದಲ್ಲಿ, ನಾರ್ತ್ ಮೆಲ್ಬರ್ನ್ ತಂಡ ಒಂದು ಹಂತದಲ್ಲಿ 54 ಅಂಕ ಮುಂದಿತ್ತು. ಎದುರಿಗಿದ್ದದ್ದು ಹಿಂದಿನ ವರ್ಷದ ಚಾಂಪಿಯನ್ ಕಾಲಿಂಗ್‌ವುಡ್. ಆ ಋತುವಿನಲ್ಲಿ ಅಲ್ಲಿಯವರೆಗೆ ಒಂದೇ ಒಂದು ಪಂದ್ಯ ಗೆದ್ದಿದ್ದ ಹುಡುಗರ ತಂಡವೊಂದು ಚಾಂಪಿಯನ್ನರನ್ನು ಹೀಗೆ ಅಟ್ಟಾಡಿಸುತ್ತಿದ್ದರೆ ಅಭಿಮಾನಿಗಳಿಗೆ ಹಬ್ಬವಲ್ಲದೆ ಇನ್ನೇನು? ಆದರೆ ಕೊನೆಯ ಸೈರನ್ ಕೂಗಿದಾಗ ನಾರ್ತ್ ಮೆಲ್ಬರ್ನ್ 1 ಅಂಕದಿಂದ ಸೋತಿತ್ತು.

ಇಂಥ ಸೋಲಿನ ಮರುದಿನ ಕೇಳಿಬರುವ ಮಾತುಗಳು ಎಲ್ಲರಿಗೂ ಗೊತ್ತು. ಎದೆಗಾರಿಕೆ ಇಲ್ಲ, ಕೋಚ್ ನಿದ್ದೆ ಮಾಡುತ್ತಿದ್ದ, ಅಂಪೈರ್ ಮೋಸ ಮಾಡಿದ. ಸಿಟ್ಟು ನಿಜವಾದದ್ದೇ, ಅದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಆದರೆ ಎಳೆಯ ತಂಡವೊಂದು ದೊಡ್ಡ ಮುನ್ನಡೆ ಕಳೆದುಕೊಳ್ಳುವುದಕ್ಕೆ ಎದೆಗಾರಿಕೆಗಿಂತ ಬೇರೆಯೇ ಕಾರಣಗಳಿರುತ್ತವೆ. ಅವು ಆಟದ ನಿಯಮಗಳಲ್ಲಿವೆ, ಹದಿನೆಂಟು ಹತ್ತೊಂಬತ್ತರ ಹುಡುಗರ ಮೈಯಲ್ಲಿವೆ, ಆಟಗಾರರನ್ನು ಹಂಚುವ ಪದ್ಧತಿಯಲ್ಲಿವೆ.

ಮೊದಲು ಆಟದ ಪರಿಚಯ, ಬೇಕಾದಷ್ಟು ಮಾತ್ರ. ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ನಡೆಯುವುದು ಕ್ರಿಕೆಟ್ ಆಡುವ ಅಂಡಾಕಾರದ ಮೈದಾನಗಳಲ್ಲಿ. ನಮ್ಮವರು ಬಾಕ್ಸಿಂಗ್ ಡೇ ಟೆಸ್ಟ್ ನೋಡುವ ಎಂಸಿಜಿಯೇ ಚಳಿಗಾಲದಲ್ಲಿ ಈ ಆಟದ ತವರು. ಪ್ರತಿ ತಂಡದಲ್ಲಿ 18 ಮಂದಿ ಮೈದಾನದಲ್ಲಿರುತ್ತಾರೆ. ಎರಡೂ ತುದಿಗಳಲ್ಲಿ ನಾಲ್ಕು ನಾಲ್ಕು ಕಂಬಗಳು. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಚೆಂಡು ಒದ್ದರೆ ಗೋಲು, 6 ಅಂಕ. ಪಕ್ಕದ ಗಿಡ್ಡ ಕಂಬದ ಕಡೆ ಸರಿದರೆ ಬಿಹೈಂಡ್, 1 ಅಂಕ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಆದರೆ ಎಸೆಯುವಂತಿಲ್ಲ: ಒಂದೋ ಒದೆಯಬೇಕು, ಇಲ್ಲವೇ ಒಂದು ಅಂಗೈಯಲ್ಲಿಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಿ ಜೊತೆಗಾರನಿಗೆ ದಾಟಿಸಬೇಕು. 15 ಮೀಟರ್‌ಗಿಂತ ದೂರದಿಂದ ಒದ್ದು ಬಂದ ಚೆಂಡನ್ನು ನೆಲಕ್ಕೆ ಬೀಳುವ ಮೊದಲು ಹಿಡಿದರೆ ಅದು ಮಾರ್ಕ್. ಆಗ ಎದುರಾಳಿ ಮೈಮೇಲೆ ಬೀಳುವಂತಿಲ್ಲ. ಆಟ ನಾಲ್ಕು ಕ್ವಾರ್ಟರ್‌ಗಳದ್ದು, ಒಂದೊಂದೂ 20 ನಿಮಿಷ. ಚೆಂಡು ಆಟದಲ್ಲಿಲ್ಲದಾಗ ಗಡಿಯಾರ ನಿಲ್ಲುವುದರಿಂದ ಒಂದು ಕ್ವಾರ್ಟರ್ ಮುಗಿಯಲು ಸುಮಾರು ಅರ್ಧ ಗಂಟೆ ಬೇಕು. ಆಫ್‌ಸೈಡ್ ಎಂಬುದಿಲ್ಲ.

54 ಅಂಕವೆಂದರೆ ಒಂಬತ್ತು ಗೋಲು. ಅದು ಕರಗುವ ಬಗೆ ತಿಳಿಯಬೇಕಾದರೆ ಗೋಲು ಬಿದ್ದ ಮೇಲೆ ಏನಾಗುತ್ತದೆ ಎಂದು ನೋಡಬೇಕು. ಇಡೀ ಆಟದ ಕೀಲಿ ಅಲ್ಲಿದೆ. ಸಾಕರ್‌ನಲ್ಲಾಗಲಿ ಬಾಸ್ಕೆಟ್‌ಬಾಲ್‌ನಲ್ಲಾಗಲಿ ಗೋಲು ತಿಂದ ತಂಡದ ಕೈಗೆ ಚೆಂಡು ಹೋಗುತ್ತದೆ. ಇಲ್ಲಿ ಹಾಗಿಲ್ಲ. ಚೆಂಡು ಮೈದಾನದ ನಟ್ಟನಡುವಿಗೆ ಮರಳುತ್ತದೆ, ಅಂಪೈರ್ ಅದನ್ನು ಮೇಲಕ್ಕೆ ಚಿಮ್ಮಿಸುತ್ತಾರೆ. ರಕ್‌ಮನ್ ಎಂದು ಕರೆಯುವ ಇಬ್ಬರು ಎತ್ತರದ ಆಟಗಾರರು ಅದಕ್ಕಾಗಿ ಹಾರುತ್ತಾರೆ. ಅಂದರೆ ಗೋಲು ಹೊಡೆದ ತಂಡಕ್ಕೇ ಮತ್ತೆ ಸಮಪಾಲು ಅವಕಾಶ. ನಡುವಿನ ಈ ಚೌಕದಲ್ಲಿ ಪದೇ ಪದೇ ಸೋಲುವ ತಂಡ ಚೆಂಡನ್ನು ಮುಟ್ಟದೆಯೇ ಮೂರು ನಾಲ್ಕು ಗೋಲು ತಿನ್ನಬಹುದು, ಅದೂ ಐದಾರು ನಿಮಿಷದಲ್ಲಿ.

2019ರಲ್ಲಿ ಬಂದ 6-6-6 ನಿಯಮ ಇದನ್ನು ಇನ್ನಷ್ಟು ಹರಿತ ಮಾಡಿತು. ನಡುವಿನಲ್ಲಿ ಚೆಂಡು ಚಿಮ್ಮುವ ಹೊತ್ತಿಗೆ ಪ್ರತಿ ತಂಡ ಆರು ಮಂದಿಯನ್ನು ಹಿಂದೆ, ಆರು ಮಂದಿಯನ್ನು ನಡುವೆ, ಆರು ಮಂದಿಯನ್ನು ಮುಂದೆ ನಿಲ್ಲಿಸಲೇಬೇಕು. ನಡುವಿನ ಚೌಕದೊಳಗೆ ನಾಲ್ಕೇ ಮಂದಿ. ಮೊದಲಾದರೆ ಮುನ್ನಡೆಯಲ್ಲಿದ್ದ ಕೋಚ್ ಒಬ್ಬಿಬ್ಬರನ್ನು ಹಿಂದಕ್ಕೆ ಕಳಿಸಿ ಬಾಗಿಲು ಹಾಕಿಬಿಡುತ್ತಿದ್ದ. ಈಗ ಚೆಂಡು ಚಿಮ್ಮಿದ ಮೇಲಷ್ಟೇ ಅವರು ಹಿಂದಕ್ಕೆ ಓಡಬಹುದು. ಎದುರಾಳಿಯ ಕೈಗೆ ಚೆಂಡು ನೇರವಾಗಿ ಸಿಕ್ಕಿತೆಂದರೆ, ಇವರು ಬಂದು ಸೇರುವ ಮೊದಲೇ ಅದು ಗೋಲಿನ ಮುಂದೆ ಬಿದ್ದಿರುತ್ತದೆ. ಅಲ್ಲಿ ಆರಕ್ಕೆ ಆರು, ಸುತ್ತ ಬಯಲು. ಹಿಂದೆ ನಿಂತ ಹುಡುಗನಿಗೆ ಸಹಾಯಕ್ಕೆ ಯಾರೂ ಇಲ್ಲ.

ಹಾಗಾದರೆ ಮುಂದಿರುವ ತಂಡ ಸಮಯ ಕಳೆಯಬಾರದೇ? ಗ್ಯಾಲರಿಯಲ್ಲಿ ಕುಳಿತವರ ಮೊದಲ ಪ್ರಶ್ನೆ ಇದೇ. ಕಳೆಯಬಹುದು, ಆದರೆ ಅದು ಈ ಆಟದ ಅತಿ ಕಷ್ಟದ ಕೆಲಸಗಳಲ್ಲೊಂದು. ಚೆಂಡನ್ನು ಬೇಕೆಂದೇ ಗೆರೆಯಾಚೆ ಕಳಿಸಿದರೆ ಎದುರಾಳಿಗೆ ಫ್ರೀ ಕಿಕ್. ಕೈಯಲ್ಲಿ ಹಿಡಿದುಕೊಂಡು ನಿಂತು ಟ್ಯಾಕಲ್ ಆದರೆ ಅದೂ ಫ್ರೀ ಕಿಕ್. ಉಳಿದ ದಾರಿಯೆಂದರೆ ಚಿಕ್ಕ ಚಿಕ್ಕ ಒದೆತಗಳು: 20, 25 ಮೀಟರ್ ದೂರದ ಜೊತೆಗಾರನಿಗೆ ಒದೆ, ಅವನು ಮಾರ್ಕ್ ಹಿಡಿಯಲಿ, ಕೆಲವು ಸೆಕೆಂಡು ನಿಲ್ಲಲಿ, ಮತ್ತೆ ಒದೆಯಲಿ. ನೋಡಲು ಸಲೀಸು. ಆದರೆ ಪ್ರತಿ ಒದೆತಕ್ಕೂ ಮೊದಲು ಇಬ್ಬರಾದರೂ ಖಾಲಿ ಜಾಗಕ್ಕೆ ಓಡಿರಬೇಕು. ಕಾಲು ಸೋತ ತಂಡದಲ್ಲಿ ಯಾರೂ ಓಡುವುದಿಲ್ಲ, ಎಲ್ಲರೂ ನಿಂತಲ್ಲೇ ಕೈ ಚಾಚುತ್ತಾರೆ. ಚೆಂಡು ಹಿಡಿದವನಿಗೆ ದಾರಿ ಕಾಣುವುದಿಲ್ಲ. ಗೆರೆಯ ಪಕ್ಕಕ್ಕೆ ಉದ್ದವಾಗಿ ಒದ್ದುಬಿಡುತ್ತಾನೆ. ಅಲ್ಲಿ ಗುಂಪಿನ ನಡುವೆ ಹಾರಿ ಚೆಂಡು ಹಿಡಿಯಬಲ್ಲ ಬಲವಾದ ಎತ್ತರದ ಆಳೊಬ್ಬ ಇರಬೇಕು. ಅವನಿಲ್ಲದಿದ್ದರೆ ಎದುರಾಳಿ ಹಿಡಿದು ವಾಪಸ್ ತರುತ್ತಾನೆ. ಬಿಹೈಂಡ್ ಆದ ಮೇಲೆ ಗೋಲಿನ ಮುಂದಿನಿಂದ ಮರಳಿ ಒದೆಯುವಾಗಲೂ ಇದೇ ಕಥೆ. ಒದೆದ ಚೆಂಡು ಎದುರಾಳಿಗಳ ಗೋಡೆಗೆ ತಾಗಿ ತಿರುಗಿ ಬರುತ್ತದೆ. ಹೀಗೆ ತಮ್ಮದೇ ಅಂಗಳದಲ್ಲಿ ಸಿಕ್ಕಿಹಾಕಿಕೊಂಡು ಹತ್ತು ನಿಮಿಷ ಉಸಿರುಗಟ್ಟುವ ಆಟವನ್ನೇ ಅಭಿಮಾನಿ ‘ಹೆದರಿಕೆ’ ಎಂದು ಕರೆಯುವುದು. ಬಹುಪಾಲು ಅದು ಆಯಾಸ.

ಆಯಾಸಕ್ಕೂ ಲೆಕ್ಕವಿದೆ. ನಡುಮೈದಾನದ ಆಟಗಾರ ಒಂದು ಪಂದ್ಯದಲ್ಲಿ 12 ಕಿಲೋಮೀಟರ್‌ಗಿಂತ ಹೆಚ್ಚು ಓಡುತ್ತಾನೆ, ಅದರಲ್ಲೂ ನೂರಾರು ಸಲ ಏಕಾಏಕಿ ವೇಗ ಹಿಡಿದು ಮತ್ತೆ ನಿಲ್ಲುತ್ತಾನೆ. ಬೆಂಚಿಗೆ ಕರೆಸಿ ದಣಿವಾರಿಸಿ ಮತ್ತೆ ಕಳಿಸುವ ಬದಲಾವಣೆಗಳಿಗೆ 2021ರಿಂದ 75ರ ಮಿತಿ ಇದೆ. ಕ್ವಾರ್ಟರ್‌ಗೆ ಸರಾಸರಿ 18 ಅಥವಾ 19. ಹುಡುಗರಿಗೆ ಬೇಗ ದಣಿವಾಗುವುದರಿಂದ ಅವರನ್ನು ಪದೇ ಪದೇ ಕರೆಸಬೇಕಾಗುತ್ತದೆ. ಮೊದಲ ಮೂರು ಕ್ವಾರ್ಟರ್‌ನಲ್ಲಿ ಕೈ ಬಿಚ್ಚಿ ಖರ್ಚು ಮಾಡಿದರೆ, ನಿಜವಾಗಿ ಬೇಕಾದ ಹೊತ್ತಿಗೆ ಬದಲಾವಣೆಗಳೇ ಉಳಿದಿರುವುದಿಲ್ಲ. ಕೋಚ್‌ನ ಮಾತು ಹೊತ್ತು ಮೈದಾನಕ್ಕೆ ಓಡುವ ರನ್ನರ್ ಎಂಬಾತ ಒಬ್ಬನಿದ್ದಾನೆ. 2019ರ ಬದಲಾವಣೆಯ ನಂತರ ಅವನು ಗೋಲು ಬಿದ್ದಾಗ ಮಾತ್ರ ಒಳಗೆ ಹೋಗಬಹುದು. ಆಟ ನಡೆಯುವಾಗ ಕೋಚ್ ಗಾಜಿನ ಹಿಂದೆ ಎಷ್ಟು ಕೂಗಿದರೂ ಅದು ಹುಡುಗರ ಕಿವಿಗೆ ಬೀಳುವುದಿಲ್ಲ. ‘ನೀನು ಹಿಂದೆ ಬಾ, ನೀನು ಅವನನ್ನು ಹಿಡಿ’ ಎಂದು ಆ ಕ್ಷಣದಲ್ಲಿ ಹೇಳಬೇಕಾದವನು ಮೈದಾನದಲ್ಲೇ ಇರುವ ಹಿರಿಯ ಆಟಗಾರ. ಹುಡುಗರ ತಂಡಕ್ಕೆ ಕೊರತೆಯಿರುವುದು ಸರಿಯಾಗಿ ಆ ದನಿಯದ್ದು.

ಇಲ್ಲಿ ಒಂದು ಮಾತು ಸೇರಿಸಬೇಕು. ದೊಡ್ಡ ಮುನ್ನಡೆ ಬಿಟ್ಟುಕೊಡುವುದು ಎಳೆಯರ ಕಾಯಿಲೆ ಮಾತ್ರವಲ್ಲ. ಲೀಗ್‌ನ ಇತಿಹಾಸದಲ್ಲೇ ಅತಿ ದೊಡ್ಡ ತಿರುಗೇಟು 2001ರಲ್ಲಿ ಆಯಿತು: 69 ಅಂಕ ಹಿಂದಿದ್ದ ಎಸೆಂಡನ್ 171-159ರಿಂದ ಗೆದ್ದಿತು. ಅಂದು ಸೋತದ್ದೂ ಇದೇ ನಾರ್ತ್ ಮೆಲ್ಬರ್ನ್, ಆಗ ಕಾಂಗರೂಸ್ ಎಂಬ ಹೆಸರಿನಲ್ಲಿ ಆಡುತ್ತಿದ್ದ, 1999ರಲ್ಲಷ್ಟೇ ಕಪ್ ಗೆದ್ದಿದ್ದ ಅನುಭವಿ ತಂಡ. ಪಳಗಿದವರಿಗೇ ಹೀಗಾಗುವಾಗ ಹುಡುಗರಿಗೆ ಎಷ್ಟು ಕಷ್ಟ ಎಂದು ಇದರಿಂದ ಊಹಿಸಬಹುದು. ಆ ಕ್ಲಬ್‌ನ ಹಳೆಯ ಅಭಿಮಾನಿಗೆ 2024ರ ಸೋಲು ಮಾಯದ ಗಾಯದ ಮೇಲೆ ಬಿದ್ದ ಬರೆ ಎಂಬುದನ್ನೂ ಮರೆಯಬಾರದು.

ಇನ್ನು ಮೈಯ ಮಾತು. ಹೊಸ ಆಟಗಾರರನ್ನು ಕ್ಲಬ್‌ಗಳಿಗೆ ಸರದಿಯಂತೆ ಹಂಚುವ ಡ್ರಾಫ್ಟ್ ನಡೆಯುವುದು ನವೆಂಬರ್‌ನಲ್ಲಿ. ಆ ವರ್ಷದ ಡಿಸೆಂಬರ್ 31ರೊಳಗೆ 18 ತುಂಬುವ ಹುಡುಗರನ್ನು ಕ್ಲಬ್‌ಗಳು ಆಯ್ದುಕೊಳ್ಳುತ್ತವೆ. ಮಾರ್ಚ್‌ನಲ್ಲಿ ಋತು ಶುರು. ಸ್ಕೂಲು ಮುಗಿಸಿ ನಾಲ್ಕು ತಿಂಗಳಾದ ಹುಡುಗ, ಎಂಟು ಹತ್ತು ವರ್ಷ ಜಿಮ್‌ನಲ್ಲಿ ಮೈ ಬೆಳೆಸಿದವನ ಜೊತೆ ನೆಲದ ಮೇಲಿನ ಚೆಂಡಿಗಾಗಿ ಡಿಕ್ಕಿ ಹೊಡೆಯಬೇಕು. ಪಂದ್ಯದ ಮೊದಲ ಗಂಟೆ ಚುರುಕುತನದಿಂದ ತಪ್ಪಿಸಿಕೊಳ್ಳಬಹುದು. ನಲವತ್ತು ಟ್ಯಾಕಲ್‌ಗಳ ಭಾರ ಮೈಮೇಲೆ ಕೂತ ಮೇಲೆ ತೂಕದ ವ್ಯತ್ಯಾಸ ಮಾತಾಡತೊಡಗುತ್ತದೆ. ಮೊದಲು ಹೋಗುವುದು ಒದೆತದ ನಿಖರತೆ, ಆಮೇಲೆ ಹಿಂದಕ್ಕೆ ಓಡುವ ಶಿಸ್ತು. ಮೈದಾನದ ಅಂಚಿನ ಬದಿಯಲ್ಲಿ ಓಡುವ ಹಗುರ ಮೈಯ ಹುಡುಗ ಮೊದಲ ವರ್ಷವೇ ಮಿಂಚಬಹುದು. ರಕ್‌ಮನ್ ಮತ್ತು ಗೋಲಿನ ಮುಂದೆ ಕಾವಲು ನಿಲ್ಲುವ ಎತ್ತರದ ರಕ್ಷಕ ಹಾಗಲ್ಲ. ಅವರು ಮಾಗುವುದಕ್ಕೆ ನಾಲ್ಕೈದು ವರ್ಷ ಹಿಡಿಯುತ್ತದೆ. ಎಳೆಯ ತಂಡಗಳ ಬೆನ್ನೆಲುಬು ಸೊರಗಿ ಕಾಣುವುದು ಇದಕ್ಕೇ: ಮುಂದೆ ಹೊಳಪು, ಹಿಂದೆ ಬಿರುಕು.

ಅಭಿಮಾನಿಗಳ ಆಳದ ನೋವು ಮಾತ್ರ ಒಂದು ಭಾನುವಾರದ್ದಲ್ಲ. 2020ರಿಂದ 2024ರವರೆಗಿನ ಐದು ಋತುಗಳಲ್ಲಿ ನಾರ್ತ್ ಮೆಲ್ಬರ್ನ್ ಗೆದ್ದದ್ದು ಕ್ರಮವಾಗಿ 3, 4, 2, 3, 3 ಪಂದ್ಯ. 2023ರಲ್ಲಂತೂ ಮೊದಲೆರಡು ಪಂದ್ಯ ಗೆದ್ದು, ಆಮೇಲೆ ಸತತ 20 ಸೋತು, ಕಟ್ಟಕಡೆಯದನ್ನು ಗೆದ್ದರು. ‘ತಾಳಿ, ಹುಡುಗರು ಬೆಳೆಯುತ್ತಿದ್ದಾರೆ’ ಎಂಬ ಮಾತನ್ನು ಐದು ವರ್ಷ ಕೇಳಿದವರು, ಕೊನೆಗೂ ಬೆಳೆದರು ಎಂದು ಎದ್ದು ನಿಂತ ದಿನವೇ 54 ಅಂಕ ಕರಗಿದ್ದು. ಆ ಸಂಕಟ ಅರ್ಥವಾಗಬೇಕಾದರೆ ಡ್ರಾಫ್ಟ್‌ನ ಒಳಗಿನ ಕೆಲಸ ತಿಳಿದಿರಬೇಕು.

ಮೂಲ ತತ್ವ ಸರಳ: ಕೊನೆಯ ಸ್ಥಾನದ ತಂಡಕ್ಕೆ ಮೊದಲ ಆಯ್ಕೆ. ಎಲ್ಲ ಕ್ಲಬ್‌ಗಳ ಸಂಬಳಕ್ಕೂ ಒಂದೇ ಮಿತಿ ಇರುವುದರಿಂದ ದುಡ್ಡಿದ್ದವರು ತಾರೆಯರನ್ನೆಲ್ಲ ಬಾಚಿಕೊಳ್ಳುವಂತಿಲ್ಲ. ಕೆಳಗಿದ್ದವರು ಕಾಲಕ್ರಮೇಣ ಮೇಲೇಳಲೇಬೇಕು. ಆದರೆ ಇದಕ್ಕೆ ಎರಡು ದೊಡ್ಡ ವಿನಾಯಿತಿಗಳಿವೆ. ಒಂದೇ ಕ್ಲಬ್‌ಗೆ 100 ಪಂದ್ಯ ಆಡಿದವನ ಮಗನನ್ನು ಆ ಕ್ಲಬ್ ತಾನೇ ಇಟ್ಟುಕೊಳ್ಳಬಹುದು, ಇದು ಫಾದರ್-ಸನ್ ನಿಯಮ. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್‌ನ ಕ್ಲಬ್‌ಗಳಿಗೆ ತಮ್ಮ ಅಕಾಡೆಮಿಯಲ್ಲಿ ಬೆಳೆದ ಹುಡುಗರ ಮೇಲೂ ಇಂಥದೇ ಹಕ್ಕು ಇದೆ. ಬೇರೊಂದು ಕ್ಲಬ್ ಆ ಹುಡುಗನ ಹೆಸರು ಕೂಗಿದಾಗ, ಹಕ್ಕಿರುವ ಕ್ಲಬ್ ತನ್ನ ಕೆಳಗಿನ ಆಯ್ಕೆಗಳಿಗೆ ನಿಗದಿಯಾದ ಅಂಕಗಳನ್ನು ಕೂಡಿಸಿ ಕೊಟ್ಟು ಅವನನ್ನು ಪಡೆದುಕೊಳ್ಳುತ್ತದೆ. ಹೆಸರು ಕೂಗಿದವರ ಸರದಿ ಒಂದು ಸ್ಥಾನ ಹಿಂದಕ್ಕೆ ಜಾರುತ್ತದೆ.

ನಾರ್ತ್ ಮೆಲ್ಬರ್ನ್‌ಗೆ ಇದು ಹೇಗೆ ತಟ್ಟಿತು ನೋಡಿ. 2021ರಲ್ಲಿ ಅವರಿಗೆ ಮೊದಲ ಆಯ್ಕೆ ಸಿಕ್ಕಿತು, ಜೇಸನ್ ಹಾರ್ನ್-ಫ್ರಾನ್ಸಿಸ್ ಬಂದ. ಅದೇ ಡ್ರಾಫ್ಟ್‌ನ 4ನೇ ಆಯ್ಕೆಯಾಗಿ ನಿಕ್ ಡೇಕಾಸ್ ಫಾದರ್-ಸನ್ ನಿಯಮದಡಿ ಕಾಲಿಂಗ್‌ವುಡ್ ಸೇರಿದ. ಹಾರ್ನ್-ಫ್ರಾನ್ಸಿಸ್ 17 ಪಂದ್ಯ ಆಡಿ, ಒಂದೇ ಋತುವಿಗೆ ಊರ ಕಡೆ ಮರಳಿ ಪೋರ್ಟ್ ಅಡಿಲೇಡ್ ಸೇರಿಬಿಟ್ಟ. ಡೇಕಾಸ್ 2023ರ ಕಪ್ ಗೆದ್ದ ತಂಡದಲ್ಲಿದ್ದ. 2022ರ ಡ್ರಾಫ್ಟ್‌ನಲ್ಲಿ ನಾರ್ತ್ ಮೆಲ್ಬರ್ನ್ 2ನೇ ಆಯ್ಕೆಗೆ ವಿಲ್ ಆಶ್‌ಕ್ರಾಫ್ಟ್ ಹೆಸರು ಕೂಗಿತು, ಬ್ರಿಸ್ಬೇನ್ ತಂದೆಯ ಹಕ್ಕಿನಿಂದ ಅವನನ್ನು ಎತ್ತಿಕೊಂಡಿತು. 2023ರಲ್ಲಿ 3ನೇ ಆಯ್ಕೆಗೆ ಜೆಡ್ ವಾಲ್ಟರ್ ಹೆಸರು ಕೂಗಿತು, ಗೋಲ್ಡ್ ಕೋಸ್ಟ್ ಅಕಾಡೆಮಿಯ ಹಕ್ಕಿನಿಂದ ಎತ್ತಿಕೊಂಡಿತು. ಸಿಕ್ಕಿದವರು ಕಡಿಮೆಯವರಲ್ಲ: ಹ್ಯಾರಿ ಶೀಜಲ್, ಜಾರ್ಜ್ ವಾರ್ಡ್‌ಲಾ, ಕಾಲ್ಬಿ ಮೆಕರ್ಚರ್, ಝೇನ್ ಡೂರ್ಸ್ಮಾ. ಶೀಜಲ್ ಮೊದಲ ವರ್ಷವೇ ಲೀಗ್‌ನ ರೈಸಿಂಗ್ ಸ್ಟಾರ್ ಆಗಿ, ಕ್ಲಬ್‌ನ ಅತ್ಯುತ್ತಮ ಆಟಗಾರನೂ ಆದ. ಆದರೂ ಪಟ್ಟಿಯ ತಳದಲ್ಲಿದ್ದವರಿಗೆ ಸಿಗಬೇಕಾದ ಪರಿಹಾರವನ್ನು ಮೇಲಿನವರೂ ಹಂಚಿಕೊಂಡರು ಎಂಬ ಅಭಿಮಾನಿಯ ದೂರಿನಲ್ಲಿ ಸತ್ಯವಿದೆ.

ಇನ್ನೂ ಕ್ರೂರವಾದದ್ದು 2023ರ ಕೊನೆಯ ಪಂದ್ಯ. 20 ಸೋಲಿನ ನಂತರ ಹೋಬಾರ್ಟ್‌ನಲ್ಲಿ ಗೋಲ್ಡ್ ಕೋಸ್ಟ್ ವಿರುದ್ಧ ಬಂದ ಆ ಗೆಲುವು ತಂಡವನ್ನು ಕೊನೆಯ ಸ್ಥಾನದಿಂದ ಒಂದು ಮೆಟ್ಟಿಲು ಮೇಲೆ ತಂದಿತು. ಮೊದಲ ಆಯ್ಕೆ ವೆಸ್ಟ್ ಕೋಸ್ಟ್ ಪಾಲಾಯಿತು, ಆ ಪೀಳಿಗೆಯ ಅತಿ ಹೆಸರಾಂತ ಹುಡುಗ ಹಾರ್ಲಿ ರೀಡ್ ಅಲ್ಲಿಗೆ ಹೋದ. ಗೆದ್ದರೆ ನಷ್ಟ, ಸೋತರೆ ಅವಮಾನ ಎಂಬ ಇಂಥ ಇಕ್ಕಟ್ಟಿಗೆ ಯಾವ ಅಭಿಮಾನಿಯನ್ನೂ ದೂಡಬಾರದು. ಆ ಗೆಲುವನ್ನು ಮನಸಾರೆ ಸಂಭ್ರಮಿಸಿದವರೇ ಸರಿ ಎಂಬುದು ನಮ್ಮ ಅಭಿಪ್ರಾಯ. ಸೋಲುವುದನ್ನು ಹುಡುಗರಿಗೆ ಕಲಿಸಿ ಆಮೇಲೆ ಮರೆಸುವುದು ಸುಲಭವಲ್ಲ.

ಅದೇ ವರ್ಷಾಂತ್ಯಕ್ಕೆ ಬೆನ್ ಮೆಕೇ ಎಂಬ ಎರಡು ಮೀಟರ್ ಎತ್ತರದ ರಕ್ಷಕ ಎಸೆಂಡನ್‌ಗೆ ಹೋದ. ವಯಸ್ಸು 25, ಆಗಷ್ಟೇ ಮಾಗಿದ್ದ. ಪರಿಹಾರವಾಗಿ ಕ್ಲಬ್‌ಗೆ 3ನೇ ಆಯ್ಕೆ ಸಿಕ್ಕಿತು, ಕಾಗದದ ಮೇಲೆ ಭಾರಿ ಲಾಭ. ಮೈದಾನದಲ್ಲಿ ಲೆಕ್ಕ ಬೇರೆ: ಕೊನೆಯ ಕ್ವಾರ್ಟರ್‌ನಲ್ಲಿ ಗೋಲಿನ ಮುಂದೆ ಎದುರಾಳಿಯ ಉದ್ದನೆಯ ಒದೆತವನ್ನು ಗುದ್ದಿ ಹಾಕಬೇಕಾದವನು ಹೋದ, ಅವನ ಬದಲು 18ರ ಫಾರ್ವರ್ಡ್ ಒಬ್ಬ ಬಂದ. 2024ರ ಜೂನ್‌ನಲ್ಲಿ ಬಿರುಕು ಬಿಟ್ಟದ್ದು ಎಲ್ಲಿ ಎಂದು ಹುಡುಕುವವರು ಆ ಒಂದು ಪಂದ್ಯವನ್ನು ಮಾತ್ರ ನೋಡಿದರೆ ಸಾಲದು, ಎಂಟು ತಿಂಗಳ ಹಿಂದಿನ ಈ ವಿನಿಮಯವನ್ನೂ ನೋಡಬೇಕು.

ಕೋಚ್ ಅಲಸ್ಟೇರ್ ಕ್ಲಾರ್ಕ್ಸನ್ ಮೇಲಿನ ಸಿಟ್ಟು ಎಷ್ಟು ನ್ಯಾಯ? ಹಾಥಾರ್ನ್ ತಂಡಕ್ಕೆ 2008, 2013, 2014, 2015ರಲ್ಲಿ ನಾಲ್ಕು ಕಪ್ ಗೆದ್ದುಕೊಟ್ಟವರು ಅವರು. ಮುನ್ನಡೆ ಇದ್ದಾಗ ಚೆಂಡು ಕಾಯ್ದುಕೊಳ್ಳುವ ಅಭ್ಯಾಸವನ್ನು ತಂಡಕ್ಕೆ ರೂಢಿಸುವುದು ಕೋಚ್ ಕೆಲಸವೇ. ಅದರಲ್ಲಿ ಕೊರತೆಯಾದರೆ ಕೇಳುವ ಹಕ್ಕು ಸದಸ್ಯತ್ವದ ಹಣ ಕಟ್ಟಿದವನಿಗೆ ಇದೆ. ಆದರೆ ಪಟ್ಟಿಯಲ್ಲಿ 25ರಿಂದ 29ರ ವಯಸ್ಸಿನವರು ವಿರಳವಾದರೆ ಯಾವ ಕೋಚ್‌ನ ಯೋಜನೆಯೂ ಕೊನೆಯ ಹದಿನೈದು ನಿಮಿಷ ನಿಲ್ಲುವುದಿಲ್ಲ. ಪ್ರಶ್ನೆ ಹೋಗಬೇಕಾದದ್ದು ಮೊದಲು ಆಟಗಾರರ ಪಟ್ಟಿ ಕಟ್ಟುವವರ ಕಡೆಗೆ.

ಅಂಪೈರ್ ವಿಷಯ ಚಿಕ್ಕದು. ಒಂದು ಅಂಕದ ಸೋಲಿನಲ್ಲಿ ಕೊನೆಯ ನಿಮಿಷದ ತೀರ್ಪು ಕಣ್ಣಿಗೆ ಕಟ್ಟುತ್ತದೆ. ಆದರೆ ಒಂದು ಅಂಕವೆಂದರೆ ಒಂದು ಬಿಹೈಂಡ್. ಮೊದಲ ಕ್ವಾರ್ಟರ್‌ನಲ್ಲಿ ಗೋಲಿನ ಬದಲು ಕಂಬದ ಪಕ್ಕಕ್ಕೆ ಸರಿದ ಒಂದೇ ಒದೆತಕ್ಕೆ ಅದರ ಐದರಷ್ಟು ಬೆಲೆ.

ಅದೇ 2024ರಲ್ಲಿ, ಇದೇ ಬಗೆಯ ಗಾಯ ತಿಂದ ಇನ್ನೊಂದು ಎಳೆಯ ತಂಡದ ಕಡೆ ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಸ್ಯಾಮ್ ಮಿಚೆಲ್ ಕೋಚ್ ಆಗಿರುವ ಹಾಥಾರ್ನ್ 2024ರ ಮೊದಲ ಐದು ಪಂದ್ಯವನ್ನೂ ಸೋತಿತು. ಮೇ ತಿಂಗಳಲ್ಲಿ ಅಡಿಲೇಡ್‌ನಲ್ಲಿ 41 ಅಂಕದ ಮುನ್ನಡೆ ಬಿಟ್ಟುಕೊಟ್ಟು ಪೋರ್ಟ್ ಅಡಿಲೇಡ್‌ಗೆ 1 ಅಂಕದಿಂದ ಶರಣಾಯಿತು. ಅಲ್ಲಿಂದ ಮುಂದೆ ಅವರು ಗೆಲ್ಲುತ್ತಾ ಹೋಗಿ ಒಟ್ಟು 14 ಗೆಲುವಿನೊಂದಿಗೆ 7ನೇ ಸ್ಥಾನ ಹಿಡಿದರು, ಕಪ್ ಯಾರಿಗೆಂದು ತೀರ್ಮಾನಿಸುವ ಕೊನೆಯ ಹಂತವಾದ ಫೈನಲ್ಸ್‌ನ ಮೊದಲ ಪಂದ್ಯವನ್ನೂ ಗೆದ್ದರು. ಹುಡುಗರು ಒಂದೇ ತಿಂಗಳಲ್ಲಿ ದೊಡ್ಡವರಾಗಿಬಿಟ್ಟರೇ? ಇಲ್ಲ. ನಿಕ್ ವಾಟ್ಸನ್‌ನಂಥ ಹೊಸಬರ ಪಕ್ಕದಲ್ಲಿ ಬೇರೆ ಕ್ಲಬ್‌ಗಳಿಂದ ತಂದ ಮಾಬಿಯರ್ ಚೋಲ್, ಜಾಕ್ ಗನ್‌ಸ್ಟನ್ ಇದ್ದರು. ಹಿಂದೆ ನಾಯಕ ಜೇಮ್ಸ್ ಸಿಸಿಲಿ ದನಿಯಿತ್ತು. ಡ್ರಾಫ್ಟ್ ತುಂಬಲಾಗದ ಜಾಗಗಳನ್ನು ಪಳಗಿದವರಿಂದ ತುಂಬಿದ್ದರು. ನಾರ್ತ್ ಮೆಲ್ಬರ್ನ್ ಈ ಕೆಲಸವನ್ನು ತಡವಾಗಿ ಮಾಡಿತು. 2024ರ ಋತು ಮುಗಿದ ಮೇಲೆ ವೆಸ್ಟ್ ಕೋಸ್ಟ್‌ನಿಂದ ಜಾಕ್ ಡಾರ್ಲಿಂಗ್, ಬುಲ್‌ಡಾಗ್ಸ್‌ನಿಂದ ಕೇಲಬ್ ಡೇನಿಯಲ್, ಸಿಡ್ನಿಯಿಂದ ಲೂಕ್ ಪಾರ್ಕರ್ ಬಂದದ್ದು ಅದಕ್ಕಾಗಿಯೇ.

ಇಂಥ ತಂಡದ ಮುಂದಿನ ಪಂದ್ಯ ನೋಡುವವರು ಅಂಕಪಟ್ಟಿಯನ್ನು ಸ್ವಲ್ಪ ಹೊತ್ತು ಬಿಟ್ಟು ಮೂರು ಕಡೆ ಕಣ್ಣಿಡಲಿ. ಎದುರಾಳಿ ಸತತ ಎರಡು ಗೋಲು ಹೊಡೆದ ಮೇಲೆ ನಡುಚೌಕದೊಳಗೆ ಯಾವ ನಾಲ್ವರು ಹೋಗುತ್ತಾರೆ, ಅವರಲ್ಲಿ ನೂರು ಪಂದ್ಯ ಆಡಿದವರು ಇದ್ದಾರೆಯೇ? ಹಿಂದಿನಿಂದ ಚೆಂಡು ಹೊರತರುವಾಗ ಒದೆಯುವವನ ಮುಂದೆ ಎಷ್ಟು ಮಂದಿ ಓಡುತ್ತಿದ್ದಾರೆ, ಎಷ್ಟು ಮಂದಿ ನಿಂತಿದ್ದಾರೆ? ನಾಲ್ಕನೇ ಕ್ವಾರ್ಟರ್ ಶುರುವಾಗುವಾಗ 75ರಲ್ಲಿ ಎಷ್ಟು ಬದಲಾವಣೆ ಉಳಿದಿವೆ? ಮೂರನೇ ಕ್ವಾರ್ಟರ್ ಕೊನೆಯ ಹತ್ತು ನಿಮಿಷದಲ್ಲೇ ಉತ್ತರ ಕಾಣತೊಡಗುತ್ತದೆ, ಮುನ್ನಡೆ ಇನ್ನೂ ದೊಡ್ಡದಾಗಿ ಕಾಣುತ್ತಿರುವಾಗಲೇ.